ಎಚ್‌ಎಸ್ ಅಂದ್ರೆ ಹೈದರಾಬಾದ್ ಸ್ಟೇಟ್ ಅಲ್ಲ

ಮಾನ್ಯರೇ,

ಹಳೆ ಸಾಮಾನಿನ ಗೀಳಿನ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿ ನನ್ನ ಕಥೆಯೂ ನೆನಪಾಯಿತು. ಭಾನುವಾರದ ಸಂತೆಯಲ್ಲಿ ತಟ್ಟೆ ಕವುಚಿಟ್ಟ ಹಾಗಿರುವ ಒಂದು ಕಬ್ಬಿಣದ ಟೋಪಿ ಕೊಂಡೆ. ಅಂಚಿನ ಕೆಳಗೆ ‘ಎಚ್‌ಎಸ್’ ಅಂತ ಎರಡು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಅರ್ಧ ಸವೆದ ಸಂಖ್ಯೆ. ಹೈದರಾಬಾದ್ ಸ್ಟೇಟ್ ಸೈನ್ಯದ್ದು ಸಾರ್, ಅಂದ ಅಂಗಡಿಯವನು ಜಾಸ್ತಿ ದುಡ್ಡೂ ಕಿತ್ತ!

ಅದು ಮೊದಲ ಮಹಾಯುದ್ಧದ ಬ್ರಿಟಿಷ್ ಬ್ರೋಡಿ ಹೆಲ್ಮೆಟ್. 1915ರಲ್ಲಿ ಜಾನ್ ಬ್ರೋಡಿ ಪೇಟೆಂಟ್ ಪಡೆದ ವಿನ್ಯಾಸ. ಎಚ್‌ಎಸ್ ಅಂದ್ರೆ ಷೆಫೀಲ್ಡ್‌ನ ಹ್ಯಾಡ್‌ಫೀಲ್ಡ್ ಕಂಪನಿಯ ಉಕ್ಕು, ಸಂಖ್ಯೆ ಆ ಉಕ್ಕಿನ ಬ್ಯಾಚಿನದು. ಹೈದರಾಬಾದ್ ಸೈನ್ಯಕ್ಕೂ ಆ ಅಕ್ಷರಗಳಿಗೂ ಸಂಬಂಧವೇ ಇಲ್ಲ. ಎರಡನೇ ಮಹಾಯುದ್ಧದ ಜರ್ಮನ್ ಹೆಲ್ಮೆಟ್‌ಗಳಲ್ಲೂ ಹೀಗೇ, ‘ಇಟಿ64’ ಅಂತಿದ್ದರೆ ಇಟಿ ಥಾಲೆ ಊರಿನ ಕಾರ್ಖಾನೆ, 64 ಚಿಪ್ಪಿನ ಅಳತೆ. ಜನ ಅದನ್ನು ರೆಜಿಮೆಂಟ್ ನಂಬರ್ ಅಂದುಕೊಳ್ಳುತ್ತಾರೆ.

ನಿಮ್ಮ ಮನೆ ಅಟ್ಟದಲ್ಲಿ ಇಂಥದ್ದಿದ್ದರೆ ದಯವಿಟ್ಟು ಉಪ್ಪುಕಾಗದ ಹಾಕಿ ಉಜ್ಜಬೇಡಿ. ಸುಮ್ನೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ, ಅಕ್ಷರ ತಾನೇ ಕಾಣುತ್ತೆ. ಯಾವ ದಳದ್ದು ಅಂತ ಹೇಳೋದು ಹೆಚ್ಚಾಗಿ ಮೇಲಿನ ಬಣ್ಣದ ಗುರುತು, ನಾನು ಅದನ್ನೇ ಮೊದಲ ದಿನ ಉಜ್ಜಿ ತೆಗೆದುಬಿಟ್ಟೆ.

- ಒಬ್ಬ ಓದುಗ, ಬೆಂಗಳೂರು