ಬಟ್ಟೆಗೆ ಬಣ್ಣ ಕೂಡಿಸುವ ಬಗೆ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟೀ,

‘ಹಸಿರಿಗೆ ಯಾವ ಬಣ್ಣ ಹೊಂದುತ್ತಮ್ಮಾ’ ಅಂತ ಕೇಳಿದ್ದೆಯಲ್ಲ, ಅದಕ್ಕೆ ಮೊದಲು ಯಾವ ಹಸಿರು ಅಂತ ಗೊತ್ತಾಗಬೇಕು. ಗಿಳಿಹಸಿರು ಬೇರೆ, ಪಾಚಿಹಸಿರು ಬೇರೆ. ಆಲ್ಬರ್ಟ್ ಮನ್ಸೆಲ್ ಎಂಬ ಅಮೆರಿಕದ ಕಲಾವಿದ 1905ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಪ್ರತಿ ಬಣ್ಣಕ್ಕೂ ಮೂರು ಅಳತೆ: ಯಾವ ಬಣ್ಣ, ಎಷ್ಟು ತಿಳಿ ಅಥವಾ ಗಾಢ, ಎಷ್ಟು ಢಾಳು ಅಥವಾ ಮಾಸಲು. ಬಟ್ಟೆ ಆರಿಸುವಾಗ ಎಲ್ಲರೂ ಮೊದಲನೆಯದನ್ನಷ್ಟೇ ನೋಡುತ್ತಾರೆ. ಎಡವಟ್ಟಾಗುವುದು ಹೆಚ್ಚಾಗಿ ಉಳಿದೆರಡರಲ್ಲಿ.

ತಿಳಿ-ಗಾಢ ನೋಡಲು ಕಣ್ಣಿಗಿಂತ ಫೋನು ವಾಸಿ. ಟಾಪು, ಪ್ಯಾಂಟು ಎರಡನ್ನೂ ಪಕ್ಕಪಕ್ಕ ಇಟ್ಟು ಫೋಟೊ ತೆಗೆದು, ಅದನ್ನು ಕಪ್ಪು-ಬಿಳುಪು ಮಾಡು. ಎರಡೂ ಒಂದೇ ಬೂದಾಗಿ ಬಂದರೆ, ಬಣ್ಣ ಎಷ್ಟೇ ಬೇರೆಯಾಗಿದ್ದರೂ ಜೋಡಿ ಸಪ್ಪೆಯಾಗುತ್ತದೆ. ಎರಡೂ ಢಾಳಾಗಿದ್ದರಂತೂ ಇನ್ನೂ ಕಷ್ಟ: ಅಚ್ಚ ಕೆಂಪು, ಅಚ್ಚ ಹಸಿರು ಸೇರುವ ಅಂಚು ಕಣ್ಣಿಗೆ ಅದುರಿದ ಹಾಗೆ ಕಾಣುತ್ತದೆ. ಹಾಗಂತ ಕೆಂಪು-ಹಸಿರನ್ನು ಬಿಡಬೇಕಾಗಿಲ್ಲ. ಒಂದನ್ನು ಗಾಢ ಮಾಡು, ಇನ್ನೊಂದನ್ನು ತಿಳಿ ಮಾಡು. ಮರೂನ್ ಪ್ಯಾಂಟಿನ ಮೇಲೆ ಮಾಸಲು ತಿಳಿಹಸಿರು ಟಾಪು ಎಷ್ಟು ಚೆನ್ನಾಗಿ ಕೂರುತ್ತದೆ ನೋಡು.

ಬಿಳಿ-ಕಪ್ಪಿನಂತೆ ವ್ಯತ್ಯಾಸ ಬಹಳ ದೊಡ್ಡದಾದಾಗ ಇನ್ನೊಂದು ವಿಷಯ ಗಮನಿಸು. ಎರಡೂ ಸೇರುವ ಗೆರೆ ಎಲ್ಲಿ ಬೀಳುತ್ತದೋ ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ. ಟಾಪಿನ ಅಂಚು ಸೊಂಟದ ಕೆಳಗಿನ ಅತಿ ಅಗಲದ ಜಾಗದಲ್ಲಿ ನಿಂತರೆ ಅದೇ ಎದ್ದು ಕಾಣುತ್ತದೆ. ನಿನಗೆ ಅದು ಬೇಡವಾದರೆ ಅಂಚನ್ನು ನಾಲ್ಕು ಬೆರಳು ಮೇಲಕ್ಕೋ ಕೆಳಕ್ಕೋ ಸರಿಸು, ಸಾಕು.

ಇನ್ನು ಢಾಳು-ಮಾಸಲು. ಇಟ್ಟಿಗೆ ಕೆಂಪು, ಪಾಚಿಹಸಿರು, ಬೂದುನೀಲಿಯಂಥ ಮಾಸಲು ಬಣ್ಣಗಳು ತಮ್ಮತಮ್ಮಲ್ಲಿ ಸುಲಭವಾಗಿ ಹೊಂದುತ್ತವೆ, ಯಾವುದನ್ನು ಯಾವುದರ ಜೊತೆ ಹಾಕಿದರೂ ಭಯವಿಲ್ಲ. ತೊಂದರೆ ಬರುವುದು ಮಾಸಲಿನ ಪಕ್ಕ ತೀರಾ ಢಾಳಾದದ್ದು ಬಂದಾಗ. ಕಣ್ಣು ಕುಕ್ಕುವ ಗುಲಾಬಿಯ ಪಕ್ಕದಲ್ಲಿ ಒಳ್ಳೆಯ ಮರಳುಬಣ್ಣದ ಪ್ಯಾಂಟೂ ಒಗೆಯದೆ ಬಿಟ್ಟಂತೆ ಕಾಣುತ್ತದೆ. ಬಟ್ಟೆಯಲ್ಲಿ ದೋಷವಿಲ್ಲ, ನೆರೆಯ ಬಣ್ಣ ಅದನ್ನು ಹಾಗೆ ಕಾಣಿಸುತ್ತಿದೆ. ಪ್ಯಾರಿಸ್ಸಿನ ಗೋಬೆಲಾಂ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನ ವಿಜ್ಞಾನಿ ಷೆವ್ರೋಲ್‌ಗೆ ಕಪ್ಪು ನೂಲು ಪೇಲವವಾಗಿದೆ ಎಂಬ ದೂರು ಬಂದಿತ್ತು. ಪರೀಕ್ಷಿಸಿದರೆ ನೂಲು ಸರಿಯಾಗಿಯೇ ಇತ್ತು, ಅದರ ಪಕ್ಕ ನೇಯ್ದ ಬಣ್ಣಗಳಿಂದ ಕಪ್ಪು ಹಾಗೆ ಕಂಡಿತ್ತು. 1839ರಲ್ಲಿ ಆತ ಇದರ ಮೇಲೆ ದೊಡ್ಡ ಪುಸ್ತಕವನ್ನೇ ಹೊರತಂದ. ಬಣ್ಣವನ್ನು ಯಾವಾಗಲೂ ಜೋಡಿಯಲ್ಲೇ ನೋಡು, ಒಂಟಿಯಾಗಿ ತೀರ್ಪು ಕೊಡಬೇಡ.

ಮುಖಕ್ಕೂ ಇದೇ ಮಾತು. ಕುತ್ತಿಗೆಯ ಹತ್ತಿರದ ಬಟ್ಟೆ ಬೆಳಕನ್ನು ಗಲ್ಲದ ಮೇಲೆ ಎಸೆಯುತ್ತದೆ. ನಿನಗೆ ಇಷ್ಟವಾದ ಬಣ್ಣದಲ್ಲಿ ಮುಖ ಬಾಡಿದಂತೆ ಕಂಡರೆ ಆ ಬಣ್ಣವನ್ನೇ ಬಿಡುವುದು ಯಾಕೆ? ಪ್ಯಾಂಟಿಗೋ ಲಂಗಕ್ಕೋ ಇಳಿಸು.

ಯಾವ ಬಣ್ಣಕ್ಕೆ ಎಷ್ಟೆಷ್ಟು ಜಾಗ ಕೊಡಬೇಕು ಅನ್ನುವುದಕ್ಕೆ 60-30-10 ಎಂಬ ಲೆಕ್ಕ ಹೇಳುತ್ತಾರೆ, ಅಂದರೆ ನೂರರಲ್ಲಿ ಅರವತ್ತು ಪಾಲು ಒಂದು ಬಣ್ಣ, ಮೂವತ್ತು ಇನ್ನೊಂದು, ಹತ್ತು ಮತ್ತೊಂದು. ಪ್ಯಾಂಟು, ಜಾಕೆಟ್ಟು ಒಂದೇ ಬಣ್ಣ, ಒಳಗಿನ ಟಾಪು ಇನ್ನೊಂದು, ಶಾಲು ಅಥವಾ ಚೀಲ ಮೂರನೆಯದು. ಸ್ಕೇಲು ಹಿಡಿದು ಅಳೆಯಬೇಕಿಲ್ಲ. ಎರಡು ಢಾಳು ಬಣ್ಣ ಅರ್ಧರ್ಧ ಬಂದು ಜಗಳವಾಡದಿದ್ದರೆ ಆಯಿತು. ಆ ಹತ್ತರ ಬಣ್ಣ ಎರಡು ಕಡೆ ಕಂಡರೆ ಚೆಂದ. ಚಪ್ಪಲಿ, ಚೀಲ, ಓಲೆ, ಬೆಲ್ಟು ಎಲ್ಲ ಅದೇ ಆದರೆ ಸಮವಸ್ತ್ರದ ಹಾಗಾಗುತ್ತದೆ.

ಕಪ್ಪಿಗೆ ಕಪ್ಪು ಸುಲಭ ಅಂದುಕೊಳ್ಳುತ್ತಾರೆ, ಹಾಗಿಲ್ಲ. ಒಗೆದು ಒಗೆದು ಮಾಸಿದ ಕಪ್ಪು ಹತ್ತಿಬಟ್ಟೆ ಹೊಸ ಕಪ್ಪಿನ ಪಕ್ಕ ಬಣ್ಣಗೆಟ್ಟಂತೆ ಕಾಣುತ್ತದೆ. ಎರಡರ ನೇಯ್ಗೆ ಬೇರೆಯಿದ್ದರೆ, ಉದಾಹರಣೆಗೆ ಜೀನ್ಸಿನ ಮೇಲೆ ಸ್ವೆಟರು, ವ್ಯತ್ಯಾಸ ಬೇಕೆಂದೇ ಮಾಡಿದಂತಿರುತ್ತದೆ. ಕಡುನೀಲಿ-ಕಪ್ಪು ಜೋಡಿಯಲ್ಲೂ ನೀಲಿ ಸ್ಪಷ್ಟವಾಗಿ ನೀಲಿಯಾಗಿರಲಿ, ಇಲ್ಲದಿದ್ದರೆ ಕತ್ತಲಲ್ಲಿ ತಪ್ಪಿ ಹಾಕಿಕೊಂಡಂತಾಗುತ್ತದೆ. ಬಿಳಿಯಲ್ಲೂ ಹೀಗೇ: ಹೊಳಪುಕಾರಕ ಸೇರಿಸಿದ ಬಿಳಿಗೆ ನೀಲಿಛಾಯೆ ಇರುತ್ತದೆ, ಅದರ ಪಕ್ಕ ಕೆನೆಬಣ್ಣ ಹಳದಿಗಟ್ಟಿದಂತೆ ಕಾಣುತ್ತದೆ. ಕೆನೆಬಣ್ಣವನ್ನು ಕಂದು, ಸಾಸಿವೆ, ತುಕ್ಕುಬಣ್ಣಗಳ ಜೊತೆ ಹಾಕು.

ಪ್ರಿಂಟಿನ ಬಟ್ಟೆಗೆ ಜೋಡಿ ಹುಡುಕುವಾಗ ಅದರೊಳಗಿನ ಒಂದು ಬಣ್ಣವನ್ನೇ ಎತ್ತಿಕೋ. ಪ್ರಿಂಟು ತೀರಾ ಸಣ್ಣದಿದ್ದರೆ ಮಾತ್ರ ಎರಡು-ಮೂರು ಮೀಟರು ದೂರ ನಿಂತು ನೋಡು. ಸಣ್ಣ ಕೆಂಪು, ಹಸಿರು ಚುಕ್ಕಿಗಳು ದೂರಕ್ಕೆ ಬೆರೆತು ಕಂದಾಗಿ ಕಾಣಬಹುದು, ಆಗ ಜೋಡಿ ಆ ಕಂದಿಗೆ ಬೇಕು.

ಕೊಳ್ಳುವ ಮೊದಲು ಕಿಟಕಿಯ ಬೆಳಕಿಗೆ ಹಿಡಿಯುವುದನ್ನು ಮರೆಯಬೇಡ. ಬೇರೆಬೇರೆ ಬಣ್ಣದ್ರವ್ಯ ಹಾಕಿದ ಎರಡು ಬಟ್ಟೆ ದೀಪದ ಕೆಳಗೆ ಒಂದೇ ಥರ ಕಂಡು ಬಿಸಿಲಲ್ಲಿ ಬೇರೆಯಾಗುವುದುಂಟು.

ರಜೆಯ ದಿನ ಹಗಲು ಬೆಳಕಲ್ಲಿ ಬಟ್ಟೆಯನ್ನೆಲ್ಲ ಹಾಸಿಗೆಯ ಮೇಲೆ ಹರಡಿ, ತಿಳಿ, ನಡುವಣ, ಗಾಢ ಅಂತ ಮೂರು ಗುಡ್ಡೆ ಮಾಡು. ಬೇರೆಬೇರೆ ಗುಡ್ಡೆಯಿಂದ ಒಂದೊಂದು ತೆಗೆದು ಜೋಡಿಸಿ, ಹಿಡಿಸಿದ್ದರ ಫೋಟೊ ಇಟ್ಟುಕೋ, ಬೆಳಗಿನ ಗಡಿಬಿಡಿಗೆ ಬೇಕಾಗುತ್ತದೆ. ನನಗೂ ಎರಡು ಕಳಿಸು.

ನಿನ್ನ
ಅಮ್ಮ