ನ್ಯೂರೆಂಬರ್ಗಿಗೆ ಹೊರಟ ಸುಹಾಸನಿಗೆ

ಚಿ. ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಈ ಶನಿವಾರ, ಭಾನುವಾರ ಗೆಳೆಯರ ಜೊತೆ ಮ್ಯೂನಿಕ್‌ನಿಂದ ನ್ಯೂರೆಂಬರ್ಗಿಗೆ ಹೋಗುತ್ತಿದ್ದೀಯ ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಸಂತೋಷವಾಯಿತು. ಓದು, ಪರೀಕ್ಷೆ ಅಂತ ರೂಮಿನಲ್ಲೇ ಕೂತಿರುವ ವಯಸ್ಸಲ್ಲ ನಿನ್ನದು. ನಿಮ್ಮಕ್ಕನ ಮನೆಗೆ ಬಂದಿದ್ದಾಗ ನಾನೂ ನಿನ್ನ ದೊಡ್ಡಮ್ಮನೂ ಆ ಊರು ನೋಡಿದ್ದೆವು. ಹೇಳಬೇಕಾದದ್ದು ಜಾಸ್ತಿ ಇದೆ, ಅದಕ್ಕೇ ಈ ಕಾಗದ.

ನೀವು ಮಾಡಿಕೊಂಡ ಪಟ್ಟಿಯನ್ನೂ ಅವನು ಓದಿದ. ಕೋಟೆ, ಹಳೇ ಊರು, ಚಿತ್ರಕಾರ ಡ್ಯೂರರ್ ಮನೆ, ತಿಂಡಿ, ಶಾಪಿಂಗ್. ಎಲ್ಲ ಸರಿ. ಆದರೆ ಕೋರ್ಟು ಇಲ್ಲ. ಭಾನುವಾರ ಬೆಳಿಗ್ಗೆಯನ್ನು ಅದಕ್ಕೇ ಇಟ್ಟುಕೋ ಮರಿ. ಹೇಗೂ ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ರೈಲ್ವೆ ನಿಲ್ದಾಣದೊಳಗಿನ ಕೆಲವು ಬಿಟ್ಟರೆ. ಕೊಳ್ಳುವುದೆಲ್ಲ ಶನಿವಾರವೇ ಮುಗಿಸಿ.

ಯು1 ಮೆಟ್ರೋ ಹಿಡಿದು ಬೇರೆನ್‌ಶಾಂಟ್ಸೆ ನಿಲ್ದಾಣದಲ್ಲಿ ಇಳಿದರೆ ಸ್ವಲ್ಪವೇ ನಡಿಗೆ. ಆ ನ್ಯಾಯಾಲಯದ ಕಟ್ಟಡದಲ್ಲಿ 600ನೇ ನಂಬರಿನ ಕೋಣೆ ಇದೆ. ಹಿಟ್ಲರನ ಜೊತೆಗಾರರ ವಿಚಾರಣೆ 1945ರ ನವೆಂಬರ್ 20ರಂದು ಶುರುವಾದದ್ದು ಅಲ್ಲಿ. ಯುದ್ಧದಲ್ಲಿ ಊರೆಲ್ಲ ಉರುಳಿದ್ದರೂ ಆ ದೊಡ್ಡ ಕಟ್ಟಡ ಹೆಚ್ಚು ಪೆಟ್ಟಿಲ್ಲದೆ ಉಳಿದಿತ್ತು. ಪಕ್ಕದಲ್ಲೇ ಜೈಲೂ ಇತ್ತು. ಅದಕ್ಕೇ ಆ ಜಾಗ ಆರಿಸಿದರು.

ಕಪ್ಪು ಕೋಟು ಹಾಕಿಕೊಂಡೇ ಬದುಕು ಕಳೆದವನು ನಾನು. ಆ ಕೋಣೆಯ ಬೆಂಚಿನ ಮೇಲೆ ಕೂತಾಗ ಎದೆ ತುಂಬಿ ಬಂತು. ಯೋಚಿಸು. ಲಕ್ಷ ಲಕ್ಷ ಜನರನ್ನು ಕೊಂದ ಆಡಳಿತದ ಮುಖಂಡರು ಕೈಗೆ ಸಿಕ್ಕಿದ್ದಾರೆ. ವಿಚಾರಣೆ ಯಾಕೆ, ಸಾಲಾಗಿ ನಿಲ್ಲಿಸಿ ಗುಂಡು ಹೊಡೆಯೋಣ ಅನ್ನುವ ಮಾತು ಯುದ್ಧ ಗೆದ್ದ ದೇಶಗಳ ನಡುವೆಯೇ ಇತ್ತು. ಹಾಗೆ ಮಾಡಲಿಲ್ಲ. ಪ್ರತಿಯೊಬ್ಬನಿಗೂ ವಕೀಲ. ಪ್ರತಿಯೊಬ್ಬನಿಗೂ ಪಾಟೀಸವಾಲಿನ ಹಕ್ಕು. ಇಂಗ್ಲಿಷ್, ಫ್ರೆಂಚ್, ರಷ್ಯನ್, ಜರ್ಮನ್ ನಾಲ್ಕರಲ್ಲೂ ಕೂಡಲೇ ಅನುವಾದ ಕೇಳಿಸುವ ಹೆಡ್‌ಫೋನು. ಮಾತಾಡುವವನು ಅವಸರ ಮಾಡಿದರೆ ಅನುವಾದಕರು ಹಳದಿ ದೀಪ ಹಾಕುತ್ತಿದ್ದರು, ನಿಧಾನಿಸು ಅಂತ. ಎದುರಿಗಿಟ್ಟ ಸಾಕ್ಷ್ಯದಲ್ಲಿ ಬಹುಪಾಲು ಅವರದೇ ಕಚೇರಿಯ ಕಾಗದಪತ್ರ, ಅವರದೇ ಸಹಿ. 1946ರ ಅಕ್ಟೋಬರ್ 1ರಂದು ತೀರ್ಪು ಮುಗಿದಾಗ 22 ಜನರಲ್ಲಿ 12 ಮಂದಿಗೆ ಮರಣದಂಡನೆ, 7 ಮಂದಿಗೆ ಜೈಲು, 3 ಮಂದಿ ಖುಲಾಸೆ. ಆ ಮೂರು ಖುಲಾಸೆಗಳೇ ನನಗೆ ದೊಡ್ಡದಾಗಿ ಕಾಣುತ್ತವೆ. ಸಾಕ್ಷ್ಯ ಸಾಲದಿದ್ದರೆ ಬಿಡಬೇಕು, ಕಟಕಟೆಯಲ್ಲಿ ನಿಂತವನು ಎಂಥವನೇ ಆಗಿರಲಿ.

ಗೆದ್ದವರೇ ನ್ಯಾಯಾಧೀಶರಾದರು ಅನ್ನುವ ಆಕ್ಷೇಪ ಆಗಲೂ ಇತ್ತು, ಈಗಲೂ ಇದೆ. ಅದರಲ್ಲಿ ಹುರುಳಿದೆ. ಸ್ಟಾಲಿನ್ ಕಳಿಸಿದ ನ್ಯಾಯಾಧೀಶರೂ ಪೀಠದ ಮೇಲೆ ಕೂತಿದ್ದರು. ಆದರೂ ವಿಚಾರಣೆ ಇಲ್ಲದೆ ಮುಗಿಸಿಬಿಡುವುದಕ್ಕಿಂತ ಇದು ಎಷ್ಟೋ ಮೇಲು ಅನ್ನುವುದು ನನ್ನ ನಂಬಿಕೆ.

ಗೆಳೆಯರು ಬೇಡ ಅಂದರೆ ಒತ್ತಾಯ ಮಾಡಬೇಡ. ಮಧ್ಯಾಹ್ನ ಎಲ್ಲಿ ಸೇರುವುದು ಅಂತ ಗೊತ್ತು ಮಾಡಿಕೊಂಡು ನೀನೊಬ್ಬನೇ ಹೋಗಿ ಬಾ. ಜೊತೆಗೆ ಬಂದವರು ಹಗಲೆಲ್ಲ ಅಂಟಿಕೊಂಡೇ ಇರಬೇಕು ಅಂತೇನಿಲ್ಲ ಅಲ್ವಾ?

ಮಧ್ಯಾಹ್ನ ಸಾಧ್ಯವಾದರೆ ಎಲ್ಲರೂ ಸೇರಿ ನಾಜಿಗಳು ರ್‍ಯಾಲಿ ನಡೆಸುತ್ತಿದ್ದ ಮೈದಾನಕ್ಕೆ ಹೋಗಿ. 1933ರಿಂದ 1938ರವರೆಗೆ ವರ್ಷ ವರ್ಷ ಅಲ್ಲಿ ಜನಜಾತ್ರೆ. ಯಹೂದಿಗಳ ಪೌರತ್ವ ಕಿತ್ತುಕೊಂಡ ಕಾನೂನು ಹೊರಬಂದದ್ದೂ 1935ರಲ್ಲಿ ಅದೇ ಸಮಾವೇಶಕ್ಕಾಗಿ ಊರಲ್ಲಿ ನೆರೆದಿದ್ದಾಗ. ಅಲ್ಲಿನ ಝೆಪೆಲಿನ್ ಮೈದಾನದ ಕಲ್ಲಿನ ಮೆಟ್ಟಿಲುಗಳು ಈಗ ಬಿರುಕು ಬಿಟ್ಟಿವೆ, ಸಂದಿಯಲ್ಲಿ ಹುಲ್ಲು. ಪಕ್ಕದ ಕೆರೆಯ ಸುತ್ತ ಜನ ಮಕ್ಕಳನ್ನು ಕರೆದುಕೊಂಡು ವಾಕಿಂಗ್ ಬರುತ್ತಾರೆ.

ಇಲ್ಲಿ ಒಂದು ವಿಷಯದಲ್ಲಿ ಬಹಳ ಎಚ್ಚರವಾಗಿರು. ಹಿಟ್ಲರ್ ನಿಂತಿದ್ದ ಜಾಗ ಅಂತ ಯಾರಾದರೂ ತಮಾಷೆಗೆ ನಾಜಿ ಸಲಾಮಿನ ಹಾಗೆ ಕೈ ಮುಂದೆ ಚಾಚಿ ಫೋಟೋ ತೆಗೆಸಿಕೊಳ್ಳಬಹುದು. ಬೇಡ ಅಂತ ಅಲ್ಲೇ ತಡೆ. ಅದು ಜರ್ಮನಿಯಲ್ಲಿ ಅಪರಾಧ, ಪ್ರವಾಸಿ ಅಂತ ಬಿಡುವುದಿಲ್ಲ. ಇನ್ನೊಂದು, ನಿನ್ನ ಬ್ಯಾಗಿಗೆ ಅಮ್ಮ ಕಟ್ಟಿಕೊಟ್ಟ ಸ್ವಸ್ತಿಕದ ಕೀಚೈನು. ನಮಗೆ ಅದು ಹೊಸಲಿನ ಮೇಲೆ, ಲೆಕ್ಕದ ಪುಸ್ತಕದ ಮೇಲೆ ಬರೆಯುವ ಮಂಗಳದ ಗುರುತು. ಅದರಲ್ಲಿ ತಪ್ಪೇನಿಲ್ಲ. ಆದರೆ ತಾತ, ಅಜ್ಜಿಯನ್ನು ನಾಜಿಗಳ ಶಿಬಿರದಲ್ಲಿ ಕಳೆದುಕೊಂಡವರು ಅಲ್ಲಿಗೆ ಬಂದಿರುತ್ತಾರೆ. ಅವರ ಕಣ್ಣಿಗೆ ಅದು ನಾಜಿಗಳ ಗುರುತು. ನಿಂತು ವಿವರಿಸುವ ಸಂದರ್ಭವೂ ಅದಲ್ಲ. ಕೀಚೈನನ್ನು ರೂಮಿನ ದೇವರ ಫೋಟೋ ಹತ್ತಿರ ಇಟ್ಟು ಹೋಗು. ಅಮ್ಮನಿಗೆ ನಾನು ಹೇಳುತ್ತೇನೆ.

ಶನಿವಾರದ ಬಗ್ಗೆ ಜಾಸ್ತಿ ಹೇಳಲ್ಲ, ನೀವೇ ಸುತ್ತಿ. ಹಳೇ ಊರಿನ ಬಹುಭಾಗ 1945ರ ಜನವರಿ 2ರ ಬಾಂಬ್ ದಾಳಿಯಲ್ಲಿ ಹಾಳಾಗಿತ್ತು. ಈಗ ನೀನು ನೋಡುವುದರಲ್ಲಿ ಎಷ್ಟೋ ಮತ್ತೆ ಕಟ್ಟಿದ್ದು. ಡ್ಯೂರರ್ 1515ರಲ್ಲಿ ಮಾಡಿದ ಘೇಂಡಾಮೃಗದ ಚಿತ್ರ ನೆನಪಿರಲಿ. ಗುಜರಾತಿನ ಸುಲ್ತಾನ ಕೊಟ್ಟ ಆ ಪ್ರಾಣಿ ನಮ್ಮ ಪಕ್ಕದ ಗೋವಾದಿಂದ ಹಡಗು ಹತ್ತಿ ಲಿಸ್ಬನ್ ಸೇರಿತ್ತು. ಡ್ಯೂರರ್ ಅದನ್ನು ಕಣ್ಣಾರೆ ನೋಡಲೇ ಇಲ್ಲ! ತಿನ್ನುವಾಗ ಕೇಳಿ ತಿನ್ನು. ಅಲ್ಲಿ ಹೆಸರಾದದ್ದು ಸಾಸೇಜು, ಮಾಂಸದ್ದು. ಲೆಬ್‌ಕೂಹೆನ್ ಅನ್ನುವ ಮಸಾಲೆ ಬಿಸ್ಕತ್ತಿಗೂ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ.

ದುಡ್ಡಿನ ಮಾತು ಹೊರಡುವ ಮುಂಚೆಯೇ ಆಡಿಬಿಡಿ. ಬಾಯೆರ್ನ್ ಟಿಕೆಟ್ ಅನ್ನುವ ರೈಲು ಟಿಕೆಟ್ ತೆಗೆದರೆ ಐದು ಜನರವರೆಗೆ ಒಂದೇ ಟಿಕೆಟ್, ಆದರೆ ಒಂದು ದಿನಕ್ಕೆ ಮಾತ್ರ. ಎಲ್ಲರ ಹೆಸರೂ ಅದರಲ್ಲಿ ಇರಬೇಕು. ಐಸಿಇ ಅನ್ನುವ ವೇಗದ ರೈಲಿಗೆ ಅದು ನಡೆಯುವುದಿಲ್ಲ. ಕೈ ಬಿಗಿ ಇರುವ ಗೆಳೆಯನಿದ್ದರೆ ಅವನ ಎದುರು ದುಬಾರಿ ಹೋಟೆಲಿನ ಮಾತು ತೆಗೆಯಬೇಡ. ಅವನು ಬಾಯಿಬಿಟ್ಟು ಹೇಳಲಾರ. ಅಗ್ಗದ ಜಾಗವನ್ನು ನೀನೇ ಮೊದಲು ಸೂಚಿಸು. ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ ಜೊತೆಗಿರಲಿ. ತುರ್ತು ಬಂದರೆ 112.

ವಾಪಸ್ ಬರುವಾಗ ರೈಲಿಗೆ ಸಮಯವಿದ್ದರೆ ನಿಲ್ದಾಣದಿಂದ ದೂರವಿಲ್ಲದ ಮಾನವ ಹಕ್ಕುಗಳ ಬೀದಿಯಲ್ಲಿ ನಡೆದು ಬನ್ನಿ. ವಿಶ್ವಸಂಸ್ಥೆಯ ಘೋಷಣೆಯ 30 ವಿಧಿಗಳನ್ನು ಅಲ್ಲಿ ಬಿಳಿ ಕಂಬಗಳ ಸಾಲಿನಲ್ಲಿ ಕೆತ್ತಿದ್ದಾರೆ. ಟಿಕೆಟ್ ಬೇಕಿಲ್ಲ.

ಬಂದ ಮೇಲೆ ನನಗೊಂದು ಫೋನ್ ಮಾಡು. ಗೆದ್ದವರು ಸೋತವರನ್ನು ವಿಚಾರಣೆ ಮಾಡಿದ್ದು ಸರಿಯೋ ಅಂತ ನಿನ್ನನ್ನು ಕೇಳಬೇಕು. ನನ್ನ ಮಾತು ಒಪ್ಪಿಗೆಯಾಗದಿದ್ದರೆ ಸಂಕೋಚ ಬೇಡ, ಹಾಗಂತಲೇ ಹೇಳು.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ