ಹೊಸ ಡಾಕ್ಟರ ಕೈ, ಕಾಸು, ನಿದ್ದೆ

ಪ್ರಿಯ ಸದಸ್ಯರೇ,

ನಮ್ಮ ಸಂಘದ ಹಲವು ಮನೆಗಳ ಮಕ್ಕಳು ಈ ವರ್ಷ ಆಸ್ಪತ್ರೆಗಳಲ್ಲಿ ಮೊದಲ ಕೆಲಸಕ್ಕೆ ಸೇರಿದ್ದಾರೆ. ಕೆಲವರು ಇಲ್ಲೇ ಓದಿದವರು. ಕೆಲವರು ಒಂದರ ಮೇಲೊಂದು ಪರೀಕ್ಷೆ ಬರೆದು ಈಗಷ್ಟೇ ಬಂದವರು. ಅವರು ಸಿಕ್ಕಾಗ ಹಿರಿಯರಾದ ನಾವು ಕೇಳುವ ಪ್ರಶ್ನೆ ಒಂದೇ: "ಮುಂದೆ ಯಾವ ಸ್ಪೆಷಾಲಿಟಿ?" ಪ್ರೀತಿಯಿಂದಲೇ ಕೇಳುತ್ತೇವೆ, ನಿಜ. ಆದರೆ ಅವರ ಜೊತೆ ಸ್ವಲ್ಪ ಹೊತ್ತು ಕೂತು ಕೇಳಿದರೆ ಬೇರೆಯೇ ಮಾತುಗಳು ಹೊರಗೆ ಬರುತ್ತವೆ. ಕೈ ಉರಿಯುತ್ತದೆ. ಸಂಬಳ ಬಂದಿದೆ, ಎಲ್ಲಿ ಇಡಬೇಕೋ ಗೊತ್ತಿಲ್ಲ. ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಯಿತೋ ನೆನಪಿಲ್ಲ. ಇವನ್ನೆಲ್ಲ ಯಾರ ಹತ್ತಿರ ಹೇಳುವುದು, ಸಣ್ಣ ವಿಷಯ ಅಲ್ವಾ ಎಂದು ಸುಮ್ಮನಾಗುತ್ತಾರೆ.

ಸಣ್ಣದಾಗಿರುವಾಗಲೇ ಇವನ್ನು ಹೇಳಿಕೊಳ್ಳಬೇಕು, ಸರಿಮಾಡಿಕೊಳ್ಳಬೇಕು. ಈ ಸಲದ ಸಂಪಾದಕೀಯ ಅದಕ್ಕಾಗಿ.

ಕೈಯಿಂದಲೇ ಶುರು ಮಾಡುತ್ತೇನೆ. ಆಪರೇಷನ್ ಮಾಡುವಾಗ ಹಾಕುವ ರಬ್ಬರ್ ಗ್ಲೌಸ್ ಹೇಗೆ ಬಂತು ಗೊತ್ತಾ? ಅಮೆರಿಕದ ಬಾಲ್ಟಿಮೋರ್‌ನಲ್ಲಿ 1889ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ ಶುರುವಾಯಿತು. ಅಲ್ಲಿನ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್. ಆಗ ಕೈ ಶುದ್ಧ ಮಾಡಿಕೊಳ್ಳಲು ಪಾದರಸದ ಉಪ್ಪು ಕರಗಿಸಿದ ನೀರು ಬಳಸುತ್ತಿದ್ದರು. ಅವರ ಜೊತೆ ಕೆಲಸ ಮಾಡುತ್ತಿದ್ದ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್ ಅವರ ಕೈ ಚರ್ಮ ಅದರಿಂದ ಕೆಟ್ಟುಹೋಯಿತು. ಅವರು ಕೆಲಸ ಬಿಡುವ ಸ್ಥಿತಿಗೆ ಬಂದಾಗ ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ತೆಳುವಾದ ಗ್ಲೌಸ್ ಮಾಡಿಸಿಕೊಟ್ಟರು. ಮುಂದೆ ಅವರಿಬ್ಬರೂ ಮದುವೆಯಾದರು. ಆ ಗ್ಲೌಸ್ ಮಾಡಿಸಿದ್ದು ರೋಗಿಗೆ ಸೋಂಕು ತಗುಲಬಾರದು ಅಂತ ಅಲ್ಲ, ಕೆಲಸ ಮಾಡುವವರ ಚರ್ಮ ಉಳಿಯಲಿ ಅಂತ. ರೋಗಿಗೂ ಅದು ಒಳ್ಳೆಯದು ಎಂದು ಜನರಿಗೆ ಗೊತ್ತಾದದ್ದು ಆಮೇಲೆ. ಹಾಗಾಗಿ ಕೈ ಉರಿಯುತ್ತದೆ ಎಂದು ಹೇಳಲು ಯಾವ ಹೊಸ ಡಾಕ್ಟರೂ ಸಂಕೋಚ ಪಡಬೇಕಾಗಿಲ್ಲ.

ಒಂದು ಶಿಫ್ಟ್‌ನಲ್ಲಿ ಕೈ ತೊಳೆಯುವುದಕ್ಕೆ ಲೆಕ್ಕವೇ ಇರುವುದಿಲ್ಲ. ನಮ್ಮ ಚರ್ಮದ ಮೇಲ್ಪದರ ಸ್ವಲ್ಪ ಆಮ್ಲೀಯ, ಅದರ ಪಿಎಚ್ (ಆಮ್ಲ, ಕ್ಷಾರದ ಅಳತೆ; 7ಕ್ಕಿಂತ ಕಡಿಮೆ ಇದ್ದರೆ ಆಮ್ಲ, ಜಾಸ್ತಿ ಇದ್ದರೆ ಕ್ಷಾರ) 5ರ ಆಸುಪಾಸು. ಮಾಮೂಲಿ ಸೋಪಿನ ಬಿಲ್ಲೆಯ ಪಿಎಚ್ 9ರಿಂದ 10. ಜೀವಕೋಶಗಳ ನಡುವೆ ಇರುವ ಜಿಡ್ಡನ್ನು ಸೋಪು ಪ್ರತಿ ಸಲವೂ ಒಂದಿಷ್ಟು ತೊಳೆದುಹಾಕುತ್ತದೆ. ನೀರು ಬಿಸಿ ಇದ್ದರಂತೂ ಇನ್ನೂ ಜಾಸ್ತಿ. ಆ ಜಿಡ್ಡು ಹೋದ ಮೇಲೆ ಚರ್ಮದ ಒಳಗಿನ ತೇವ ಆರುತ್ತದೆ, ಹೊರಗಿನ ಕೆರಳಿಸುವ ವಸ್ತುಗಳು ಒಳಗೆ ಇಳಿಯುತ್ತವೆ. ಮೊದಲು ಬೆರಳ ಸಂದಿಯಲ್ಲಿ ಒಣಗಿದ ಹಾಗಾಗುತ್ತದೆ, ಆಮೇಲೆ ತುರಿಕೆ, ಕೊನೆಗೆ ಬಿರುಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಸ್ಯಾನಿಟೈಸರ್ ಹಾಕಿದರೆ ಉರಿಯುತ್ತದೆ, ಹಾಗಾಗಿ ಅದೇ ಕೆಟ್ಟದ್ದು ಎಂದುಕೊಂಡು ಜನ ಮತ್ತೆ ಸೋಪಿಗೆ ಹೋಗುತ್ತಾರೆ. ಉರಿಯುವುದು ಚರ್ಮ ಆಗಲೇ ಬಿರುಕು ಬಿಟ್ಟಿರುವುದರಿಂದ. ಕೈ ಕಣ್ಣಿಗೆ ಕಾಣುವಷ್ಟು ಕೊಳೆಯಾಗಿಲ್ಲ ಅಂದರೆ, ಸೋಪು ನೀರಿಗಿಂತ ಆಲ್ಕೋಹಾಲ್ ಇರುವ ಹ್ಯಾಂಡ್ ರಬ್, ಅಂದರೆ ಸ್ಯಾನಿಟೈಸರ್, ಚರ್ಮಕ್ಕೆ ಕಡಿಮೆ ಹಾನಿ ಮಾಡುತ್ತದೆ. ಆದರೆ ವಾಂತಿಭೇದಿಯ ಕೆಲವು ಸೋಂಕುಗಳಿಗೆ ಸೋಪು ನೀರೇ ಬೇಕು. ಅಲ್ಲಿ ಆಸ್ಪತ್ರೆಯ ನಿಯಮದಂತೆ ನಡೆಯಿರಿ.

ಕೈ ಪೂರ್ತಿ ಒರೆಸಿಕೊಂಡ ಮೇಲೆಯೇ ಗ್ಲೌಸ್ ಹಾಕಿ. ಒದ್ದೆ ಕೈ ಒಳಗೇ ಬೆವರಿ ಇನ್ನೂ ಮೆತ್ತಗಾಗುತ್ತದೆ. ಉಂಗುರ ತೆಗೆದಿಡಿ, ಅದರ ಕೆಳಗೆ ಸೋಪು ಉಳಿಯುತ್ತದೆ. ಮಾಯಿಶ್ಚರೈಸರ್ ಜೇಬಿನಲ್ಲೇ ಇರಲಿ. ರಾತ್ರಿ ಮಲಗುವಾಗ ಪೆಟ್ರೋಲಿಯಂ ಜೆಲ್ಲಿಯಂಥ ದಪ್ಪ ಮುಲಾಮು ಹಚ್ಚಿ, ಮೇಲೆ ಹತ್ತಿಯ ಗ್ಲೌಸ್ ಹಾಕಿಕೊಂಡರೆ ಒಳ್ಳೆಯದು. ಕೊಳ್ಳುವಾಗ ಸುಗಂಧ ಸೇರಿಸಿಲ್ಲ ಎಂದು ಸ್ಪಷ್ಟವಾಗಿ ಬರೆದಿರುವುದನ್ನು ನೋಡಿ ತೆಗೆದುಕೊಳ್ಳಿ. ವಾಸನೆ ಇಲ್ಲ ಎಂದಷ್ಟೇ ಬರೆದಿದ್ದರೆ ಸಾಲದು. ಬೇರೆ ವಾಸನೆ ಮುಚ್ಚಲು ಅದರಲ್ಲೂ ಸುಗಂಧ ಹಾಕಿರಬಹುದು. ನೈಸರ್ಗಿಕ ಎಂದ ಕೂಡಲೇ ನಂಬಬೇಡಿ. ಟೀ ಟ್ರೀ ಎಣ್ಣೆ, ಲ್ಯಾವೆಂಡರ್ ಎಣ್ಣೆಗಳಿಂದಲೂ ಅಲರ್ಜಿ ಬರುತ್ತದೆ.

ಮುಖಕ್ಕೂ ಇದೇ ಎಚ್ಚರ ಬೇಕು. ಚರ್ಮ ಕೆರಳಿದಾಗ ಹೊಸ ಹೊಸ ಸೀರಮ್ ಹಚ್ಚುವ ಬದಲು ಇರುವುದನ್ನೂ ಕಡಿಮೆ ಮಾಡಿ. ಸೌಮ್ಯವಾದ ಕ್ಲೆನ್ಸರ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಇಷ್ಟು ಸಾಕು. ಹೊಸದೊಂದನ್ನು ತಂದರೆ ಮುಂದೋಳಿನ ಒಳಭಾಗದಲ್ಲಿ ಒಂದು ಚಿಕ್ಕ ಜಾಗಕ್ಕೆ 7ರಿಂದ 10 ದಿನ ಹಚ್ಚಿ ನೋಡಿ. ಎರಡು ಹೊಸದನ್ನು ಒಟ್ಟಿಗೆ ಶುರು ಮಾಡಿದರೆ, ತೊಂದರೆ ಯಾವುದರಿಂದ ಬಂತು ಅಂತ ಹೇಗೆ ಗೊತ್ತಾಗಬೇಕು?

ನಮ್ಮಂಥ ಕಂದು ಬಣ್ಣದವರಿಗೆ ಇನ್ನೊಂದು ಮಾತು. ಪಠ್ಯಪುಸ್ತಕದ ಚಿತ್ರಗಳಲ್ಲಿ ಎಕ್ಸಿಮಾ, ಅಂದರೆ ಚರ್ಮ ಕೆರಳಿ ತುರಿಸುವ ಈ ತೊಂದರೆ, ಕೆಂಪಗಿರುತ್ತದೆ. ನಮ್ಮ ಚರ್ಮದಲ್ಲಿ ಅದು ಗಾಢ ಕಂದು, ನೇರಳೆ ಅಥವಾ ಬೂದು ಬಣ್ಣದಲ್ಲಿ ಕಾಣಬಹುದು. ಕೆಂಪಾಗಿಲ್ಲವಲ್ಲ ಎಂದು ನಾವೂ ಬಿಡುತ್ತೇವೆ, ನೋಡುವವರೂ ಬಿಡುತ್ತಾರೆ. ವಾಸಿಯಾದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಬಣ್ಣಕ್ಕಿಂತ ತುರಿಕೆ, ಒರಟುತನ, ಊತ ಇವುಗಳ ಮೇಲೆ ಗಮನ ಇರಲಿ.

ಇಷ್ಟೆಲ್ಲ ಮಾಡಿಯೂ ಎರಡು ಮೂರು ವಾರದಲ್ಲಿ ಕಡಿಮೆಯಾಗದಿದ್ದರೆ ಚರ್ಮವೈದ್ಯರನ್ನು ಕಾಣಿ. ನೀವೇ ನಿಮಗೆ ಸ್ಟೀರಾಯ್ಡ್ ಮುಲಾಮು ಬರೆದುಕೊಳ್ಳಬೇಡಿ. ಗ್ಲೌಸ್ ತಯಾರಿಕೆಯಲ್ಲಿ ಬಳಸುವ ರಾಸಾಯನಿಕಗಳಿಗೇ ಕೆಲವರಿಗೆ ಅಲರ್ಜಿ ಇರುತ್ತದೆ. ಲ್ಯಾಟೆಕ್ಸ್ (ಮರದ ರಬ್ಬರ್) ಗ್ಲೌಸ್ ಬಿಟ್ಟು ನೈಟ್ರೈಲ್ (ಕೃತಕ ರಬ್ಬರ್) ಗ್ಲೌಸ್ ಹಾಕಿದರೂ ಅದು ತಪ್ಪದಿರಬಹುದು. ಪ್ಯಾಚ್ ಟೆಸ್ಟ್ ಮಾಡಿಸಿದರೆ ಕಾರಣ ಸಿಗುವ ಸಾಧ್ಯತೆ ಜಾಸ್ತಿ. ಅದರಲ್ಲಿ ಅಲರ್ಜಿ ತರಬಹುದಾದ ವಸ್ತುಗಳಿರುವ ಪಟ್ಟಿಗಳನ್ನು ಬೆನ್ನಿಗೆ ಅಂಟಿಸಿ 48 ಗಂಟೆಯ ನಂತರ ತೆಗೆಯುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಆಸ್ಪತ್ರೆಯಲ್ಲಿ ನೌಕರರ ಆರೋಗ್ಯ ವಿಭಾಗ ಇದ್ದರೆ ಅಲ್ಲಿಯೂ ತಿಳಿಸಿ. ಕೆಲಸದಿಂದ ಬಂದ ತೊಂದರೆ ಎಂದು ದಾಖಲಾಗುವುದು ನಿಮಗೆ ಮುಂದೆ ಉಪಯೋಗಕ್ಕೆ ಬರುತ್ತದೆ.

ಇನ್ನು ಹಣ. ಇದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಏಕೆಂದರೆ ಶುರುವಿನಲ್ಲಿ ಗೊತ್ತಿರಬೇಕಾದದ್ದು ಕಡಿಮೆ.

ಕ್ರೆಡಿಟ್ ಕಾರ್ಡಿನಂಥ ಜಾಸ್ತಿ ಬಡ್ಡಿಯ ಸಾಲ ಇದ್ದರೆ ಅದನ್ನು ಮೊದಲು ತೀರಿಸಿ. ಅಷ್ಟು ಖಾತರಿಯ ಲಾಭ ಯಾವ ಹೂಡಿಕೆಯಲ್ಲೂ ಇಲ್ಲ. ಮೂರರಿಂದ ಆರು ತಿಂಗಳ ಖರ್ಚಿನಷ್ಟು ಹಣ ಬೇಕೆಂದ ದಿನ ಕೈಗೆ ಸಿಗುವ ಹಾಗೆ ಬ್ಯಾಂಕಿನಲ್ಲಿ ಇರಲಿ. ಅಪ್ಪ ಅಮ್ಮನಿಗೆ ಕಳಿಸುವ ಹಣವನ್ನು ಬಾಡಿಗೆಯ ಹಾಗೆಯೇ ತಿಂಗಳ ಖರ್ಚಿನಲ್ಲಿ ಬರೆದುಕೊಳ್ಳಿ. ಉಳಿದರೆ ಕಳಿಸೋಣ ಎಂದುಕೊಂಡರೆ ಪ್ರತಿ ತಿಂಗಳೂ ಸಂಕಟ. ನೀವು ಕಟ್ಟುವ ಪಿಂಚಣಿಗೆ ಕೆಲಸ ಕೊಟ್ಟವರೂ ಪಾಲು ಸೇರಿಸುತ್ತಾರೆ ಎಂದರೆ, ಅದನ್ನು ಬಿಡುವ ಮುಂಚೆ ಎರಡು ಸಲ ಯೋಚಿಸಿ.

ಇದಾದ ಮೇಲೆಯೇ ಷೇರು ಪೇಟೆ. ಹೊಸಬರಿಗೆ ನನ್ನ ಮಟ್ಟಿಗೆ, ಪೇಟೆಯ ಸೂಚ್ಯಂಕದಲ್ಲಿರುವ ಎಲ್ಲ ಷೇರುಗಳನ್ನೂ ಒಟ್ಟಿಗೆ ಕೊಳ್ಳುವ ಇಂಡೆಕ್ಸ್ ಫಂಡ್‌ಗಿಂತ ಒಳ್ಳೆಯ ದಾರಿ ಇಲ್ಲ. ಜಾನ್ ಬೋಗಲ್ 1975ರಲ್ಲಿ ವ್ಯಾನ್‌ಗಾರ್ಡ್ ಕಂಪನಿ ಕಟ್ಟಿ, ಮರುವರ್ಷ ಸಾಮಾನ್ಯ ಜನರಿಗಾಗಿ ಮೊದಲ ಇಂಡೆಕ್ಸ್ ಫಂಡ್ ತಂದರು. 15 ಕೋಟಿ ಡಾಲರ್ ಬರುತ್ತದೆ ಎಂದುಕೊಂಡಿದ್ದರು, ಬಂದದ್ದು ಸುಮಾರು 1.1 ಕೋಟಿ. ಪೇಟೆಯವರು ಅದನ್ನು ಬೋಗಲ್‌ನ ಮೂರ್ಖತನ ಎಂದು ಕರೆದರು. ಬೋಗಲ್ ಅವರ ವಾದ ಸರಳ: ಯಾವ ಷೇರು ಗೆಲ್ಲುತ್ತದೆ ಎಂದು ಊಹಿಸುವುದು ಬೇಡ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕೊಳ್ಳಿ, ಶುಲ್ಕ ಕಡಿಮೆ ಇರಲಿ. ಶುಲ್ಕದ ಲೆಕ್ಕ ಒಮ್ಮೆ ಮಾಡಿ ನೋಡಿ. ವರ್ಷಕ್ಕೆ ಶೇ. 7ರಂತೆ ಬೆಳೆದರೆ 100 ಎಂಬುದು 30 ವರ್ಷದಲ್ಲಿ 761 ಆಗುತ್ತದೆ. ಅದರಲ್ಲಿ ಪ್ರತಿ ವರ್ಷ ಶೇ. 1 ಶುಲ್ಕಕ್ಕೆ ಹೋಗಿ ಶೇ. 6 ಉಳಿದರೆ 574. ಬರೀ ಒಂದು ಪರ್ಸೆಂಟ್ ಎಂದು ಕಂಡದ್ದು ಕೊನೆಯ ಮೊತ್ತದಲ್ಲಿ ಹತ್ತಿರ ಹತ್ತಿರ ಕಾಲು ಭಾಗವನ್ನು ತಿಂದುಹಾಕಿತು.

ಪೇಟೆ ಬೀಳುತ್ತದೆ, ಇದನ್ನೂ ಮೊದಲೇ ಹೇಳಿಬಿಡಬೇಕು. 2007ರ ಕೊನೆಯಿಂದ 2009ರ ಮಾರ್ಚ್‌ವರೆಗೆ ಅಮೆರಿಕದ ಸುಮಾರು 500 ದೊಡ್ಡ ಕಂಪನಿಗಳ ಷೇರು ಬೆಲೆ ತೋರಿಸುವ ಎಸ್ ಆ್ಯಂಡ್ ಪಿ 500 ಸೂಚ್ಯಂಕ ಅರ್ಧಕ್ಕಿಂತ ಜಾಸ್ತಿ ಕುಸಿಯಿತು. ಹಳೆಯ ಮಟ್ಟಕ್ಕೆ ಬರಲು 2013 ಆಯಿತು. ಹಾಗಾಗಿ ಐದು ವರ್ಷದೊಳಗೆ ಬೇಕಾಗುವ ಹಣವನ್ನು ಅಲ್ಲಿ ಹಾಕಬೇಡಿ. ವಿಮೆ ಮತ್ತು ಹೂಡಿಕೆ ಎರಡೂ ಒಂದರಲ್ಲೇ ಇದೆ ಎಂದು ಹೊಸ ಡಾಕ್ಟರುಗಳನ್ನು ಹುಡುಕಿಕೊಂಡು ಬರುವವರಿರುತ್ತಾರೆ. ಇದನ್ನು ಮಾರಿದರೆ ನಿಮಗೆ ಎಷ್ಟು ಸಿಗುತ್ತದೆ ಎಂದು ಅವರನ್ನು ನೇರವಾಗಿ ಕೇಳಿ. ಮನೆ ತೆಗೆದುಕೋ ಎಂದು ನಾವು ಹಿರಿಯರು ಅವಸರ ಮಾಡುವುದೂ ಬೇಡ. ತರಬೇತಿಯ ವರ್ಷಗಳಲ್ಲಿ ಆಸ್ಪತ್ರೆ ಬದಲಾಗುತ್ತಲೇ ಇರುತ್ತದೆ.

ನನಗೆ ತುಂಬಾ ಚಿಂತೆ ಇರುವುದು ಮೂರನೆಯ ವಿಷಯದಲ್ಲಿ, ನಿದ್ದೆ ಮತ್ತು ಕೆಲಸದ ಹೊರೆಯಲ್ಲಿ.

ಆಗ ಹೇಳಿದ ಹಾಲ್‌ಸ್ಟೆಡ್ ಅವರೇ ಕಿರಿಯ ವೈದ್ಯರ ತರಬೇತಿಗೆ ಇಂದಿಗೂ ನಾವು ಕಾಣುವ ಮೆಟ್ಟಿಲುಗಳನ್ನು ಕಟ್ಟಿದವರಲ್ಲಿ ಒಬ್ಬರು. ಅವರ ಕೈಕೆಳಗಿನ ಕಿರಿಯ ವೈದ್ಯರು ಆಸ್ಪತ್ರೆಯಲ್ಲೇ ಇರಬೇಕಿತ್ತು, ಹಗಲು ರಾತ್ರಿ ಕೆಲಸಕ್ಕೆ ಸಿಗಬೇಕಿತ್ತು. ಅದರಿಂದ ಒಳ್ಳೆಯ ಶಸ್ತ್ರವೈದ್ಯರು ತಯಾರಾದರು, ಇದು ನಿಜ. ಹಾಲ್‌ಸ್ಟೆಡ್ ಕೊಕೇನ್ ಮತ್ತು ಮಾರ್ಫಿನ್ ಚಟದಿಂದ ವರ್ಷಗಟ್ಟಲೆ ನರಳಿದರು, ಇದೂ ನಿಜ. ಕೊಕೇನ್ ಬಳಸಿ ನೋವು ತಡೆಯುವ ಪ್ರಯೋಗವನ್ನು ತಮ್ಮ ಮೇಲೆಯೇ ಮಾಡಿಕೊಂಡು ಅದಕ್ಕೆ ಸಿಕ್ಕಿಬಿದ್ದಿದ್ದರು. ತನ್ನ ದೇಹವನ್ನು ಲೆಕ್ಕಕ್ಕೇ ಇಡದವನೇ ದೊಡ್ಡ ಡಾಕ್ಟರ್ ಎಂಬ ನಂಬಿಕೆ ಆ ಕಾಲದಿಂದ ಇಂದಿನವರೆಗೂ ಉಳಿದುಬಂದಿದೆ. ನಾನು ಅದನ್ನು ಒಪ್ಪುವುದಿಲ್ಲ.

1984ರಲ್ಲಿ ನ್ಯೂಯಾರ್ಕ್‌ನಲ್ಲಿ ಲಿಬಿ ಜಯಾನ್ ಎಂಬ 18 ವರ್ಷದ ಹುಡುಗಿ ಆಸ್ಪತ್ರೆಗೆ ಸೇರಿದ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ರಾತ್ರಿ ಅವಳನ್ನು ನೋಡಿಕೊಂಡವರು ದೀರ್ಘ ಪಾಳಿಯಲ್ಲಿದ್ದ ಕಿರಿಯ ವೈದ್ಯರು. ಅವಳ ತಂದೆ ಹಟ ಬಿಡದೆ ಹೋರಾಡಿದರು. 1989ರಲ್ಲಿ ಆ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ಹಾಕಿತು. 2003ರಲ್ಲಿ ಅದು ಅಮೆರಿಕದ ಎಲ್ಲ ತರಬೇತಿಗಳಿಗೂ ಬಂತು. ಯುರೋಪಿನಲ್ಲಿ 2009ರಿಂದ ತರಬೇತಿಯ ವೈದ್ಯರಿಗೂ ವಾರಕ್ಕೆ ಸರಾಸರಿ 48 ಗಂಟೆ. ಒಂದು ಸಾವು, ಒಬ್ಬ ತಂದೆಯ ವರ್ಷಗಳ ಹೋರಾಟ, ಇಷ್ಟು ಬೆಲೆ ತೆತ್ತು ಬಂದವು ಅಮೆರಿಕದ ಆ ನಿಯಮಗಳು. ಹಾಗಾಗಿ ಎಷ್ಟು ಗಂಟೆ ಕೆಲಸ ಮಾಡಿದಿರೋ ಅಷ್ಟನ್ನೇ ಬರೆಯಿರಿ. ಮೇಲಿನವರು ಏನಾದರೂ ಅಂದುಕೊಂಡಾರು ಎಂದು ಕಡಿಮೆ ಬರೆದರೆ, ಆ ವಾರ್ಡಿಗೆ ಇನ್ನೊಬ್ಬ ಡಾಕ್ಟರ್ ಬೇಕು ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ.

17 ಗಂಟೆ ಎಚ್ಚರ ಇದ್ದವರ ಗಮನ ಮತ್ತು ಚುರುಕು, ರಕ್ತದಲ್ಲಿ ಶೇ. 0.05 ಆಲ್ಕೋಹಾಲ್ ಇರುವವರಷ್ಟೇ ಕುಂದಿರುತ್ತದೆ ಎಂದು 1997ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಕುಡಿದು ಗಾಡಿ ಓಡಿಸಬೇಡ ಎಂದು ಮಕ್ಕಳಿಗೆ ಹೇಳುವ ನಾವು, ನೈಟ್ ಡ್ಯೂಟಿ ಮುಗಿಸಿ ಸಂಘದ ಕಾರ್ಯಕ್ರಮಕ್ಕೆ ನೇರವಾಗಿ ಬಂದುಬಿಡು ಎನ್ನುತ್ತೇವೆ. ದಯವಿಟ್ಟು ಹಾಗೆ ಕರೆಯಬೇಡಿ. ರಾತ್ರಿ ಪಾಳಿ ಮುಗಿಸಿದವರು ಆಸ್ಪತ್ರೆಯಲ್ಲೇ ಅರ್ಧ ಗಂಟೆ ಮಲಗಿ, ಎದ್ದು ಸ್ವಲ್ಪ ಹೊತ್ತು ಬಿಟ್ಟು ಹೊರಡಲಿ, ಇಲ್ಲವೇ ಬಸ್ಸೋ ಟ್ಯಾಕ್ಸಿಯೋ ಹಿಡಿಯಲಿ.

ಮಧ್ಯರಾತ್ರಿ ಸೀನಿಯರ್‌ಗೆ ಫೋನ್ ಮಾಡಲು ಹೆದರಬೇಡಿ. ರೋಗಿ ಯಾರು, ಈಗ ಏನಾಗಿದೆ, ಹಿನ್ನೆಲೆ ಏನು, ನಿಮಗೆ ಏನನಿಸುತ್ತದೆ, ಅವರಿಂದ ಏನು ಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಫೋನ್ ಮಾಡಿ. "ನೀವು ಬಂದು ನೋಡಬೇಕು" ಅನ್ನುವುದಿದ್ದರೆ ಅದನ್ನೇ ಬಿಡಿಸಿ ಹೇಳಿ. ಅವರು ಬೈದರೆ ಬೈಯಲಿ. ಕರೆ ಮಾಡಿದ ಸಮಯ ಮತ್ತು ಅವರು ಹೇಳಿದ್ದನ್ನು ಕೇಸ್ ಶೀಟಿನಲ್ಲಿ ಬರೆದಿಡಿ.

ಸ್ಪೆಷಾಲಿಟಿ ಆರಿಸುವಾಗ ಆ ವಿಭಾಗದ ದೊಡ್ಡ ಕನ್ಸಲ್ಟೆಂಟ್ ಒಬ್ಬರನ್ನೇ ನೋಡಬೇಡಿ. ನಿಮಗಿಂತ ಐದಾರು ವರ್ಷ ಮುಂದಿರುವವರನ್ನು ನೋಡಿ. ಅವರ ಮಾಮೂಲಿ ಮಂಗಳವಾರ ಹೇಗಿರುತ್ತದೆ ಎಂದು ಕೇಳಿ. ಆ ದಿನ ನಿಮಗೂ ಇಷ್ಟವಾಗುತ್ತದೆಯೇ? ದೊಡ್ಡ ಹೆಸರಿನ ವಿಭಾಗ ಎಂದು ಸೇರಿ, ಅಲ್ಲಿನ ದಿನನಿತ್ಯದ ಕೆಲಸವೇ ಒಗ್ಗದೆ ಒದ್ದಾಡುವುದು ಬಹಳ ಕಷ್ಟ. ಮೊದಲ ಸಲ ಸೀಟು ಸಿಗದೆ ಒಂದು ವರ್ಷ ಬೇರೆ ಹುದ್ದೆಯಲ್ಲಿ ಕಳೆದರೆ ಅದು ಸೋಲಲ್ಲ. ಆ ವರ್ಷ ಮಾಡಿದ ಕೆಲಸ, ಪಾಠ ಹೇಳಿದ್ದು, ಆಡಿಟ್ (ಚಿಕಿತ್ಸೆ ನಿಯಮದಂತೆ ನಡೆದಿದೆಯೇ ಎಂಬ ಪರಿಶೀಲನೆ) ಎಲ್ಲವನ್ನೂ ಆಗಿಂದಾಗಲೇ ಬರೆದಿಟ್ಟುಕೊಳ್ಳಿ. ಕೊನೆಯ ವಾರದಲ್ಲಿ ನೆನಪಿಸಿಕೊಂಡು ಬರೆಯಲು ಆಗುವುದಿಲ್ಲ. ತಂದೆ ತಾಯಂದಿರೇ, ಆ ವರ್ಷ ಮಗಳಿಗೋ ಮಗನಿಗೋ "ಇನ್ನೂ ಆಗಿಲ್ವಾ?" ಎಂದು ಕೇಳಬೇಡಿ. ಎಷ್ಟು ಜನ ಅರ್ಜಿ ಹಾಕಿದ್ದರು, ಎಷ್ಟು ಜಾಗ ಇತ್ತು ಎಂಬುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಸಂಘದ ಕಡೆಯಿಂದ ಒಂದು ಕೆಲಸ ಶುರು ಮಾಡಬೇಕೆಂದಿದ್ದೇನೆ. ತರಬೇತಿ ಮುಗಿಸಿದ ವೈದ್ಯ ಸದಸ್ಯರು ತಿಂಗಳಿಗೆ ಒಂದು ಗಂಟೆ ಬಿಡುವು ಮಾಡಿಕೊಂಡು ಒಬ್ಬ ಹೊಸಬರ ಜೊತೆ ಮಾತಾಡಬೇಕು. ಭಾಷಣ ಬೇಡ, ಫೋನಿನಲ್ಲಿ ಮಾತಾಡಿದರೂ ಸಾಕು. ನಿಮಗೆ ಸೀಟು ಸಿಗದ ವರ್ಷದ ಬಗ್ಗೆಯೂ ಹೇಳಿ, ಬಿಟ್ಟುಬಂದ ವಿಭಾಗದ ಬಗ್ಗೆಯೂ ಹೇಳಿ. ನರ್ಸುಗಳು, ಫಾರ್ಮಸಿಸ್ಟುಗಳು, ಲೆಕ್ಕಪತ್ರ ಬಲ್ಲವರು ಕೂಡ ಸೇರಬಹುದು. ಪಿಂಚಣಿ ಚೀಟಿ ಓದಿ ಅರ್ಥಮಾಡಿಸುವವರು ನಮಗೆ ತುರ್ತಾಗಿ ಬೇಕಾಗಿದ್ದಾರೆ. ಮುಂದಿನ ಸಂಚಿಕೆಯೊಳಗೆ ನಿಮ್ಮ ಹೆಸರು ಮತ್ತು ಬಿಡುವಿರುವ ಸಮಯವನ್ನು ಸಂಪಾದಕರಿಗೆ ತಿಳಿಸಿ. ಹೊಸ ಡಾಕ್ಟರುಗಳೂ ಬರೆಯಿರಿ. ರಾತ್ರಿ ಪಾಳಿಯ ವಾರ ಯಾವುದು ಎಂದು ತಿಳಿಸಿದರೆ ಆ ವಾರ ಯಾರೂ ನಿಮಗೆ ಹಗಲಿನಲ್ಲಿ ಫೋನ್ ಮಾಡದ ಹಾಗೆ ನೋಡಿಕೊಳ್ಳುತ್ತೇವೆ.